ಸೊನ್ನೆಗಿಂತ ಐವತ್ತೆರಡು ಕೆಳಗೆ

ಕೆಲ್ಡನ್
14 ಫೆಬ್ರವರಿ 1988

ಗೀದೊ,

ಆ ಐವತ್ತೆರಡು ಸುಳ್ಳು, ಅಜ್ಜ. ನಿನ್ನ ಹವೆಯ ಪುಸ್ತಕದಲ್ಲಿ ಅದನ್ನು ಬರೆದವಳು ನಾನು. ಎಂಟು ವರ್ಷದಿಂದ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ.

1980ರ ಜನವರಿ, ನಿನ್ನ ಗೆಳೆಯ ಆಲ್ಸಿದ್ ಲಾಪ್ಲಾಂತ್ ಹೆಪ್ಪುಗಟ್ಟಿ ಸತ್ತನಲ್ಲ, ಆ ಬೆಳಿಗ್ಗೆ. ನನಗೆ ಹನ್ನೊಂದು ವರ್ಷ. ಅಮ್ಮ ಆಸ್ಪತ್ರೆಯ ಕೆಲಸಕ್ಕೆ ಹೋಗುವಾಗ ಏಳು ಗಂಟೆಗೆ ನನ್ನನ್ನು ನಿನ್ನ ಗೇಟಿನಲ್ಲಿ ಇಳಿಸಿ ಹೋದಳು. ನೀನು ಬಾಗಿಲ ಮುಂದಿನ ಮೆಟ್ಟಿಲು ಗುಡಿಸುತ್ತಿದ್ದೆ. “ದಾರ್ಕಾ, ಇವತ್ತು ನೀನೇ ಹೋಗಿ ನೋಡ್ಕೊಂಡು ಬಾ,” ಅಂದೆ. ನನಗೆ ಹಿಗ್ಗು. ಹಿತ್ತಿಲಿನಲ್ಲಿ ಹವಾಮಾನ ಕಚೇರಿಯವರು ಇಟ್ಟಿದ್ದ, ತಾಪಮಾಪಕಗಳ ಬಿಳಿ ಪೆಟ್ಟಿಗೆಯ ಬಾಗಿಲನ್ನು ಅಲ್ಲಿಯವರೆಗೆ ಒಬ್ಬಳೇ ತೆರೆದಿರಲಿಲ್ಲ.

ಒಂದರಲ್ಲಿ ಪಾದರಸ ಗಟ್ಟಿಯಾಗಿ ಕೂತಿತ್ತು. ಇನ್ನೊಂದು, ಅಡ್ಡ ಮಲಗಿಸಿದ ಸ್ಪಿರಿಟ್ಟಿನ ಕೊಳವೆ, ಅದರೊಳಗಿನ ಪುಟ್ಟ ಕಪ್ಪು ಕಡ್ಡಿ. ರಾತ್ರಿಯ ಅತಿ ಕಡಿಮೆ ಎಲ್ಲಿಗೆ ಇಳಿದಿತ್ತೋ ಕಡ್ಡಿ ಅಲ್ಲಿ ನಿಂತಿರುತ್ತದೆ. ಕೊಳವೆಯ ಬುಡದ ಬುರುಡೆಯಿಂದ ದೂರದ ತುದಿಯನ್ನು ಓದಬೇಕು. ನಾನು ಹತ್ತಿರದ ತುದಿಯನ್ನು ಓದಿದೆ. ಐವತ್ತೆರಡು. ಪುಸ್ತಕದಲ್ಲಿ ಬರೆದು, ನೀನು ಮಾಡುತ್ತಿದ್ದ ಹಾಗೆಯೇ ಕೊಳವೆಯನ್ನು ವಾಲಿಸಿ ಕಡ್ಡಿಯನ್ನು ಜಾರಿಸಿಬಿಟ್ಟೆ. ಆಮೇಲೆ ನೋಡಲು ಏನೂ ಉಳಿಯಲಿಲ್ಲ.

ವಾರದ ಕೊನೆಗೆ ನೀನು ಇನ್ನೊಮ್ಮೆ ತೋರಿಸಿ ಕೇಳಿದೆ: “ಅವತ್ತು ಯಾವ ತುದಿ ನೋಡಿದ್ದೆ?” ನನಗೆ ಅಷ್ಟರಲ್ಲಿ ಹೊಳೆದಿತ್ತು. ಆದರೂ ದೂರದ ತುದಿ ತೋರಿಸಿ “ಈ ತುದೀನೇ” ಅಂದೆ. ಊರೆಲ್ಲ ಐವತ್ತೆರಡು, ಐವತ್ತೆರಡು ಅನ್ನುತ್ತಿತ್ತು. ರೇಡಿಯೊದಲ್ಲಿ ನಿನ್ನ ಹೆಸರು ಬಂದಿತ್ತು. ಕಡ್ಡಿಯ ಉದ್ದ ಎಂಟೂವರೆ ಡಿಗ್ರಿ. ಅಂದರೆ ಅವತ್ತಿನ ಚಳಿ ನಲವತ್ತಮೂರೂವರೆ, ಅಷ್ಟೇ.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಊರು ನಗರವಾಗಿ ಎಪ್ಪತ್ತೈದು ವರ್ಷ ಅಂತ ಮೇಯರ್ ಫ್ರೀಸನ್ ಹೆದ್ದಾರಿಯ ಪಕ್ಕದಲ್ಲಿ ಹನ್ನೆರಡು ಮೀಟರ್ ಎತ್ತರದ ಉಕ್ಕಿನ ತಾಪಮಾಪಕ ನಿಲ್ಲಿಸುತ್ತಿದ್ದಾನೆ. ಜುಲೈ ಒಂದರಂದು ಅನಾವರಣ. ಬುಡದಲ್ಲಿ ನಿನ್ನ ಹೆಸರು: ದಾಖಲಿಸಿದವರು ಮೆತ್ರೊ ಕ್ಲಿಮ್‌ಚುಕ್. ಕೆಲಸ ಬಂದಿರುವುದು ನಮ್ಮ ವರ್ನ್‌ನ ವೆಲ್ಡಿಂಗ್ ಶೆಡ್ಡಿಗೆ. ಶಾಲೆ ಬಿಟ್ಟ ಮೇಲೆ ನನ್ನನ್ನು ಒಂದು ಕಡೆ ನಿಲ್ಲಿಸಿಕೊಂಡವನು ಅವನೊಬ್ಬನೇ. ಅಂಕಿ ಕತ್ತರಿಸುವುದನ್ನು ನನಗೇ ಕೊಟ್ಟಿದ್ದಾನೆ. ಐದನ್ನು ಕತ್ತರಿಸಿದೆ. ಎರಡಕ್ಕೆ ಕೈ ಏಳುತ್ತಿಲ್ಲ.

ನಗರಸಭೆಯಲ್ಲಿ 1913ರ ಹಳೆಯ ಕರಪತ್ರವನ್ನು ಗಾಜು ಹಾಕಿ ತೂಗುಹಾಕಿದ್ದಾರೆ. ಸೈಟು ಮಾರಲು ಅಚ್ಚು ಹಾಕಿಸಿದ್ದು. ಅದರ ಮೇಲೆ ಪೀಚ್ ಹಣ್ಣಿನ ಗಿಡ, ಬರಿ ತೋಳಿನ ಹೆಂಗಸು. “ಒಣ ಹವೆ, ಚಳಿ ಇದ್ದರೂ ಮೈಗೆ ತಿಳಿಯದು” ಅಂತ ಬರೆದಿದೆ. ನಿನ್ನ ಅಪ್ಪ ಅದನ್ನು ನಂಬಿ ಬಂದು ಮೊದಲ ಚಳಿಗಾಲವನ್ನು ಮಣ್ಣಿನ ಗುಂಡಿಯಲ್ಲಿ ಕಳೆದ, ಎರಡು ಕಾಲ್ಬೆರಳು ಕಳಕೊಂಡ. ಆಗ ಬೆಚ್ಚಗಿದೆ ಅಂತ ಸುಳ್ಳು ಹೇಳಿ ಜನರನ್ನು ಕರೆದರು. ಈಗ ಗೋದಿ ಗೋದಾಮುಗಳು ಒಂದೊಂದಾಗಿ ಮುಚ್ಚಿದ ಮೇಲೆ ಚಳಿಯ ಸುಳ್ಳು ಹೇಳಿ ಕರೆಯುತ್ತಿದ್ದಾರೆ.

ನೀನು ನಗರಸಭೆಗೆ ಒಂದು ಸಾಲು ಬರೆ. ಮೊಮ್ಮಗಳು ತಪ್ಪು ಓದಿದಳು ಅಂತ. ನನ್ನ ಮರ್ಯಾದೆಯ ಚಿಂತೆ ಮಾಡಬೇಡ, ಕಳೆಯಲು ಅದು ಹೆಚ್ಚೇನೂ ಇಲ್ಲ.

ದಾರ್ಕಾ


ವಿಕ್ಟೋರಿಯಾ
2 ಮಾರ್ಚ್ 1988

ದಾರ್ಕಾ ಮರಿ,

ಇಲ್ಲಿ ಡ್ಯಾಫೊಡಿಲ್ ಅರಳಿ ಆಗಲೇ ಹದಿನೈದು ದಿನ. ನಿನ್ನ ಓಲ್ಗಾ ಚಿಕ್ಕಮ್ಮನ ಗಂಡ ಫೆಬ್ರವರಿಯಲ್ಲಿ ಹುಲ್ಲು ಕತ್ತರಿಸುತ್ತಾನೆ ಅಂದರೆ ಅಲ್ಲಿ ಯಾರೂ ನಂಬಲಿಕ್ಕಿಲ್ಲ. ಸಮುದ್ರದ ಕಡೆಯಿಂದ ದಿನವೂ ಜಿನುಗು ಮಳೆ. ಹನ್ನೊಂದು, ಹನ್ನೆರಡು ಡಿಗ್ರಿ. ಬರೆದಿಡಲು ಏನೂ ಇಲ್ಲದ ಹವೆ. ಇಲ್ಲಿಗೆ ಬಂದ ಹುಲ್ಲುಗಾವಲಿನ ಮುದುಕರೆಲ್ಲ ಬೆಂಚಿನ ಮೇಲೆ ಕೂತು, ತಾವು ಬಿಟ್ಟು ಬಂದ ಚಳಿಯ ಬಗ್ಗೆಯೇ ಜಂಬ ಕೊಚ್ಚಿಕೊಳ್ಳುತ್ತೇವೆ. ನನ್ನ ಐವತ್ತೆರಡನ್ನು ಮೀರಿಸಿದವರು ಇನ್ನೂ ಬಂದಿಲ್ಲ.

ನೀನು ಮಗುವಾಗಿದ್ದೆ. ಮಕ್ಕಳಿಗೆ ಹೆದರಿಕೆಯೇ ನೆನಪಾಗಿ ಉಳಿದುಬಿಡುತ್ತದೆ. ನೀನು ಬರೆದ ಮೇಲೆ ನಾನೇ ಹೋಗಿ ಕಡ್ಡಿಯನ್ನು ಕಣ್ಣಾರೆ ನೋಡಿದ್ದೆ. ಐವತ್ತೆರಡೇ ಇತ್ತು. ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ಎರಡನ್ನು ಚೆನ್ನಾಗಿ ಕತ್ತರಿಸು. ಕೆಳಗಿನ ಗೆರೆ ನೆಟ್ಟಗೆ ಬರಲಿ. ಫ್ರೀಸನ್ ನನಗೆ ವಿಮಾನದ ಟಿಕೆಟ್ ಕಳಿಸುತ್ತಾನಂತೆ. ಎಪ್ಪತ್ತಾರನೇ ವಯಸ್ಸಿಗೆ ವೇದಿಕೆ ಹತ್ತುತ್ತೇನೆ ನೋಡು. ನಿನ್ನ ಅಜ್ಜಿ ಬಾಬಾ ಇದ್ದಿದ್ದರೆ ನನ್ನ ಕಾಲರಿಗೆ ಗಂಜಿ ಹಾಕಿ ಕೊಡುತ್ತಿದ್ದಳು.

ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಗೀದೊ


ಕೆಲ್ಡನ್
13 ಮಾರ್ಚ್ 1988

ಗೀದೊ,

ನಾನು ಕಡ್ಡಿಯನ್ನು ಜಾರಿಸಿಬಿಟ್ಟಿದ್ದೆ ಅಂತ ಬರೆದಿದ್ದೆನಲ್ಲ. ಆಮೇಲೆ ನೀನು ಹೋಗಿ ನೋಡಿದ್ದು ಏನನ್ನು?

ಸಿಟ್ಟಿನಿಂದ ಕೇಳುತ್ತಿಲ್ಲ. ನನಗೆ ಅರ್ಥವಾಯಿತು. ನಿನಗೆ ಅವತ್ತೇ ಗೊತ್ತಾಗಿತ್ತು. ಹನ್ನೊಂದರ ಹುಡುಗಿಯನ್ನು ಊರು ಆಡಿಕೊಳ್ಳದಿರಲಿ ಅಂತ ತಪ್ಪನ್ನು ನಿನ್ನ ಮೇಲೆ ಹಾಕಿಕೊಂಡೆ. ಓದಿ ಅತ್ತೆ. ಆದರೆ ನನಗೀಗ ಹತ್ತೊಂಬತ್ತು. ಇನ್ನು ನನ್ನನ್ನು ಮುಚ್ಚಿಡಬೇಕಾಗಿಲ್ಲ.

ಲೈಬ್ರರಿಯಲ್ಲಿ ಹಳೆಯ ಪತ್ರಿಕೆ ತೆಗೆಸಿ ನೋಡಿದೆ. ಅದೇ ಬೆಳಿಗ್ಗೆ ನಮ್ಮ ಉತ್ತರಕ್ಕಿರುವ ಊರಿನಲ್ಲಿ ನಲವತ್ತನಾಲ್ಕು. ದಕ್ಷಿಣದಲ್ಲಿ ನಲವತ್ತೆರಡು. ಕೆಲ್ಡನ್ ಒಂದೇ ಹಳ್ಳಕ್ಕೆ ಬಿದ್ದಿದೆ.

ಬೆಳಿಗ್ಗೆ ಸಹಕಾರಿ ಅಂಗಡಿಯಲ್ಲಿ ಕಾಫಿ ಕುಡಿಯುತ್ತ ಕೂರುವ ನಿನ್ನ ಹಳೆಯ ಗೆಳೆಯರ ಹತ್ತಿರ ಮಾತು ತೆಗೆದು ನೋಡಿದೆ.

“ಏನಮ್ಮಾ ವೆಲ್ಡರಮ್ಮ, ನಮ್ಮ ಚಳಿ ಎಷ್ಟೆತ್ತರ ಬಂತು?”

“ಹನ್ನೆರಡು ಮೀಟರ್. ಆ ಐವತ್ತೆರಡು ತಪ್ಪಾಗಿದ್ರೆ ಏನ್ಮಾಡ್ತೀರಿ?”

“ತಪ್ಪಾ? ಅವತ್ತು ನನ್ನ ಟ್ರಕ್ಕಿನ ಟೈರು ಚೌಕ ಆಗ್ಹೋಗಿತ್ತು ಕಣೇ! ಮೂರು ಮೈಲಿ ಟಕ ಟಕ ಅಂತ ಕುದುರೆ ಥರ ಓಡ್ತು.”

“ಟೈರು ನಲವತ್ತಕ್ಕೂ ಚೌಕ ಆಗುತ್ತೆ.”

“ಆಗುತ್ತಪ್ಪ. ನಲವತ್ತು ನೋಡೋಕೆ ಹೆದ್ದಾರಿಯಿಂದ ಯಾರು ಇಳೀತಾರೆ? ಪಕ್ಕದೂರಲ್ಲಿ ಜನ ಇಳಿದು ನೋಡೋಕೆ ಉಕ್ಕಿನ ಬಾತುಕೋಳಿ ಇದೆ. ನಮಗೆ ಇದೊಂದು ಚಳಿನಾದ್ರೂ ಇರಲಿ ಬಿಡು.”

ಎಲ್ಲರೂ ನಕ್ಕರು. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ.

ಆದರೆ ನಿನ್ನೆ ಬ್ಲಾಂಶ್ ಶೆಡ್ಡಿಗೆ ಬಂದಿದ್ದಳು. ಆಲ್ಸಿದ್‌ನ ಹೆಂಡತಿ. ಈಗ ಕರ್ಲಿಂಗ್ ಆಟದ ಮಂಜಿನಂಗಳದ ಅಡುಗೆಮನೆಯಲ್ಲಿ ಕೆಲಸ. ವರ್ನ್‌ಗೆ ಹಣ್ಣಿನ ಪೈ ಬೇಯಿಸಿ ತಂದಿದ್ದಳು. ಗೋಡೆಗೆ ಒರಗಿಸಿದ್ದ ಐದರ ಮೇಲೆ ಕೈ ಇಟ್ಟು ನಿಂತುಬಿಟ್ಟಳು. “ಐವತ್ತೆರಡು ಅಂದ್ರೆ ಹತ್ತೇ ನಿಮಿಷ, ನಿದ್ದೆ ಬಂದ ಹಾಗೆ ಹೋಗಿರ್ತಾನೆ ಅಂತ ನಿನ್ನ ಗೀದೊ ಹೇಳಿದ್ದ. ಆ ಹತ್ತು ನಿಮಿಷದ ಮೇಲೇ ಎಂಟು ವರ್ಷ ಬದುಕಿದೀನಿ ಕಣೇ ಹುಡುಗಿ,” ಅಂದಳು.

ನಾನು ಉಕ್ಕು ಕತ್ತರಿಸುವ ಗ್ಯಾಸ್ ಟಾರ್ಚು ಆರಿಸಿ ಹೊರಗೆ ಹೋದೆ. ಅವಳಿಗೆ ಹೇಗೆ ಹೇಳುವುದು, ನೀನೇ ಹೇಳು. ಹೇಳದೆ ಆ ಎರಡನ್ನು ಹೇಗೆ ಕತ್ತರಿಸುವುದು?

ದಾರ್ಕಾ


ವಿಕ್ಟೋರಿಯಾ
6 ಏಪ್ರಿಲ್ 1988

ದಾರ್ಕಾ,

ಬ್ಲಾಂಶ್‌ಳನ್ನು ಅವಳ ಪಾಡಿಗೆ ಬಿಡು.

ನಲವತ್ತೊಂದು ವರ್ಷ ದಿನಕ್ಕೆರಡು ಸಲ ಆ ಪೆಟ್ಟಿಗೆಯ ಬಾಗಿಲು ತೆರೆದವನು ನಾನು. ಬಾಬಾಳ ಹೆಣ ಒಳಕೋಣೆಯಲ್ಲಿ ಇದ್ದ ದಿನವೂ ತೆರೆದಿದ್ದೇನೆ. ಹನ್ನೊಂದನೇ ಕ್ಲಾಸು ಮುಗಿಸಲಾಗದೆ ಕಬ್ಬಿಣ ಕತ್ತರಿಸುವ ನೀನು ನನಗೆ ಓದಲು ಕಲಿಸುವುದು ಬೇಡ. ಯಾವುದನ್ನೂ ಕೊನೆ ಮುಟ್ಟಿಸುವ ಜಾಯಮಾನ ನಿನ್ನದಲ್ಲ. ಈಗ ಬೇರೆಯವರು ಮುಗಿಸಿದ್ದನ್ನೂ ಕೆದಕಲು ಹೊರಟಿದ್ದೀಯ.

ಕೊಟ್ಟ ಕೆಲಸ ಮಾಡು.

ಮೆತ್ರೊ ಕ್ಲಿಮ್‌ಚುಕ್


ಕೆಲ್ಡನ್
23 ಮೇ 1988

ಗೀದೊ,

ಆರು ವಾರ ಬರೆಯಲಿಲ್ಲ. ನಿನ್ನ ಪೂರ್ತಿ ಹೆಸರಿನ ಸಹಿ ನೋಡಿ ನೋಡಿ ಸಾಕಾಯಿತು.

ಎರಡನ್ನು ಕತ್ತರಿಸಿದೆ. ವರ್ನ್ ಪಕ್ಕದಲ್ಲೇ ನಿಂತು, “ಇದು ಗಣಿತ ಪರೀಕ್ಷೆ ಅಲ್ಲಮ್ಮ, ಆರ್ಡರು,” ಅಂದ. ಕತ್ತರಿಸಿದೆ.

ಇಲ್ಲಿ ಈ ಸಲ ಹಿಮವೂ ಕಡಿಮೆ, ಮಳೆಯೂ ಇಲ್ಲ. ಬಿತ್ತಿದ್ದು ಮಣ್ಣಿನ ಸಮೇತ ಹಾರುತ್ತಿದೆ. ಮಧ್ಯಾಹ್ನಕ್ಕೇ ದೀಪ ಹಾಕಿಕೊಂಡು ಕಾರು ಓಡಿಸುತ್ತಾರೆ. ಮೂವತ್ತರ ದಶಕ ಹೀಗೇ ಇತ್ತು ಅಂತ ಮುದುಕರು ಹೇಳುತ್ತಾರೆ, ಹೇಳುವಾಗ ಸ್ವಲ್ಪ ಖುಷಿಯಿಂದಲೇ.

ಬ್ಲಾಂಶ್ ನಿನ್ನ ಬಗ್ಗೆ ಒಳ್ಳೆಯದನ್ನೇ ಆಡುತ್ತಾಳೆ. ಮೊನ್ನೆ ಅವಳ ಅಡುಗೆಮನೆಯ ಒಲೆಗೆ ಬೆಸುಗೆ ಹಾಕಲು ಹೋಗಿದ್ದೆ. ಆಲ್ಸಿದ್‌ನ ಬಟ್ಟೆಯನ್ನು ಪೊಲೀಸರು ಕೊಟ್ಟಾಗ ಒಂದೇ ಕೈಗವಸು ಇತ್ತಂತೆ. ಇನ್ನೊಂದು ನಿನ್ನ ಬಾಗಿಲ ಪಕ್ಕದ ಸೌದೆ ರಾಶಿಯ ಮೇಲೆ ಸಿಕ್ಕಿತಂತೆ. ಹೆಣ ಸಿಕ್ಕಿದ್ದು ಮುಕ್ಕಾಲು ಮೈಲಿ ದೂರ, ರೈಲು ಹಳಿಯ ಹತ್ತಿರ. “ಗಾಳಿ ಹಾರಿಸ್ಕೊಂಡು ಬಂದಿರುತ್ತೆ ಅಂದ ಮೆತ್ರೊ. ಪೊಲೀಸರೂ ಹಾಗೇ ಬರ್ಕೊಂಡ್ರು,” ಅಂದಳು.

ಮನೆಗೆ ಬಂದು ನಿನ್ನ ಹವೆಯ ಪುಸ್ತಕ ತೆಗೆದೆ. ಅದು ಅಮ್ಮನ ಕಪಾಟಿನಲ್ಲೇ ಇದೆ, ನೀನು ಬಿಟ್ಟು ಹೋಗಿದ್ದು. ಆ ದಿನದ ಸಾಲು ನನ್ನ ಕೋಳಿಕಾಲು ಅಕ್ಷರದಲ್ಲಿದೆ. ಅತಿ ಕಡಿಮೆ: ಐವತ್ತೆರಡು. ಹಿಮ: ಇಲ್ಲ. ಗಾಳಿ: ಇಲ್ಲ. ಚಿಮಣಿಯ ಹೊಗೆ ಕಡ್ಡಿಯ ಹಾಗೆ ನೆಟ್ಟಗೆ ನಿಂತಿತ್ತು, ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ಸಂಜೆಯ ಸಾಲು ನಿನ್ನದೇ ಅಕ್ಷರ. ಗಾಳಿ: ಇಲ್ಲ.

ಅಷ್ಟು ಚಳಿ ಬೀಳುವುದೇ ಗಾಳಿ ಸತ್ತಾಗ. ಇದು ನೀನೇ ಕಲಿಸಿದ್ದು.

ಕೈಗವಸು ಹಾಕಿಕೊಂಡು ಬಾಗಿಲು ಬಡಿದರೆ ಸದ್ದು ಬರುವುದಿಲ್ಲ, ಗೀದೊ. ಈ ಊರಲ್ಲಿ ಎಲ್ಲರೂ ಬಿಚ್ಚಿ ಪಕ್ಕಕ್ಕಿಟ್ಟೇ ಬಡಿಯುತ್ತೇವೆ.

ಆ ರಾತ್ರಿ ಹಿಮ ಬಿದ್ದಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಮೆಟ್ಟಿಲ ಮೇಲೆ ಏನನ್ನು ಗುಡಿಸುತ್ತಿದ್ದೆ?

ದಾರ್ಕಾ


ವಿಕ್ಟೋರಿಯಾ
12 ಜೂನ್ 1988

ದಾರ್ಕಾ ಮರಿ,

ಓಲ್ಗಾ ಮಲಗುವವರೆಗೆ ಕಾಯದೆ ಹಗಲಿನಲ್ಲೇ ಬರೆಯುತ್ತಿದ್ದೇನೆ, ಸಮುದ್ರದ ದಂಡೆಯ ಬೆಂಚಿನ ಮೇಲೆ. ಮಡಿಲ ಮೇಲಿಟ್ಟು ಬರೆದದ್ದು, ತಿದ್ದಿಕೊಂಡು ಓದು.

ಅವತ್ತು ಮಧ್ಯಾಹ್ನದಿಂದ ನಾನೂ ಆಲ್ಸಿದ್‌ನೂ ನನ್ನ ಮನೆಯಲ್ಲಿ ಕ್ರಿಬೇಜ್ ಆಡುತ್ತಿದ್ದೆವು. ಇಸ್ಪೀಟು ನನ್ನ ಕಡೆ ಇರಲಿಲ್ಲ. ಅಂಕ ಎಣಿಸುವ ಹಲಗೆಯ ಮೇಲೆ ನನ್ನ ಗೂಟವನ್ನು ಎರಡು ತೂತು ಮುಂದೆ ಇಟ್ಟೆ. ಅವನು ನೋಡಿಬಿಟ್ಟ. “ಕಳ್ಳ ಗಲೀಷಿಯನ್” ಅಂದ, ನಾವು ಈ ದೇಶಕ್ಕೆ ಬಂದಾಗ ಎಲ್ಲರೂ ನಮ್ಮ ಸೀಮೆಯವರನ್ನು ಹೀಯಾಳಿಸುತ್ತಿದ್ದ ಹಾಗೆ. ನಾನು ಅವನ ತಾಯಿಯ ಬಗ್ಗೆ, ಅವಳ ರಕ್ತದ ಬಗ್ಗೆ ಒಂದು ಮಾತು ಅಂದೆ. ಅದನ್ನು ನಿನಗೆ ಬರೆಯುವುದಿಲ್ಲ. ಮೂವತ್ತು ವರ್ಷದ ಗೆಳೆಯ. ಕೋಟು ಹಾಕಿಕೊಂಡು ಎದ್ದು ಹೋದ. ಆಗ ಸಂಜೆ ಏಳು.

ಅವನ ಟ್ರಕ್ಕು ಚಾಲೂ ಆಗಲಿಲ್ಲ. ಇಂಜಿನ್ ಬೆಚ್ಚಗಿಡುವ ಹೊರಗಿನ ಪ್ಲಗ್ಗು ಒಂದೇ, ಅದನ್ನು ನನ್ನ ಟ್ರಕ್ಕಿಗೆ ಹಾಕಿದ್ದೆ. ಅವನದು ಮಧ್ಯಾಹ್ನದಿಂದ ತಣ್ಣಗೆ ನಿಂತಿತ್ತು. ಕಿರ್ರ್ ಅನ್ನುವುದು ಕೇಳಿಸಿತು. ಆಮೇಲೆ ಬಂದು ಬಾಗಿಲು ಬಡಿದ. ನಾನು ಕದಲಲಿಲ್ಲ. “ಮೆತ್ರೊ, ತೆಗಿಯೋ. ಗಾಡಿ ಸತ್ತಿದೆ. ಬೈದಿದ್ದು ತಪ್ಪಾಯ್ತು, ತೆಗಿ,” ಅಂದ. ತಪ್ಪು ಅವನದಲ್ಲ ಅಂತ ಗೊತ್ತಿದ್ದರಿಂದಲೇ ತೆಗೆಯಲಿಲ್ಲ. ಇನ್ನೊಂದು ಸಲ ಬಡಿಯಲಿ, ತೆಗೆಯೋಣ ಅಂದುಕೊಂಡೆ. ಬಡಿಯಲಿಲ್ಲ. ಪಕ್ಕದ ಹೊಲದವರ ಮನೆಗೆ ಹೋಗಿರುತ್ತಾನೆ ಅಂತ ಮಲಗಿದೆ.

ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲಿನ ಹಳೆಯ ಹಿಮದಲ್ಲಿ ಅವನ ಹೆಜ್ಜೆಗಳಿದ್ದವು. ಹೋಗಿದ್ದು, ವಾಪಸು ಬಂದಿದ್ದು, ಮತ್ತೆ ಹೋಗಿದ್ದು. ಅವುಗಳನ್ನು ಗುಡಿಸಿದೆ. ಕೈಗವಸು ಕಣ್ಣಿಗೆ ಬೀಳಲಿಲ್ಲ. ಅವನು ಟ್ರಕ್ಕಿನಿಂದಲೇ ನೇರ ನಡೆದು ಹೋದ, ನನಗೆ ಏನೂ ಕೇಳಿಸಲಿಲ್ಲ ಅಂತ ಪೊಲೀಸರಿಗೆ ಹೇಳಿದೆ.

ನೀನು ತಪ್ಪು ತುದಿ ಓದಿದ್ದು ಅವತ್ತು ಸಂಜೆಯೇ ಗೊತ್ತಾಯಿತು. ಹವಾಮಾನ ಕಚೇರಿಯವರೂ ಒಂದು ತಿಂಗಳಿಗೆ ಕಾಗದ ಬರೆದು ಕೇಳಿದರು, ಸುತ್ತಲಿನವರಿಗಿಂತ ನಿಮ್ಮದು ಇಷ್ಟೊಂದು ಯಾಕೆ ಕಡಿಮೆ ಅಂತ. ಓದಿದವನು ನಾನೇ, ಸರಿಯಾಗಿದೆ ಅಂತ ಬರೆದು ಸಹಿ ಹಾಕಿದೆ. ನಿನ್ನನ್ನು ಉಳಿಸಲು ಅಲ್ಲ. ನಲವತ್ತಮೂರಾದರೆ ಒಳ್ಳೆಯ ಕೋಟು ಹಾಕಿದ ಗಂಡಸು ಒಂದು ಗಂಟೆ, ಎರಡು ಗಂಟೆ ನಡೆಯುತ್ತಾನೆ. ಯಾಕೆ ವಾಪಸು ಹೋಗಲಿಲ್ಲ ಅಂತ ಯಾರಾದರೂ ಕೇಳುತ್ತಾರೆ. ಐವತ್ತೆರಡಾದರೆ ಯಾರೂ ಏನೂ ಕೇಳುವುದಿಲ್ಲ. ಚಳಿಯೇ ಕೊಂದಿತು ಅನ್ನುತ್ತಾರೆ. ಆ ಅಂಕಿಯನ್ನು ಪುಸ್ತಕದಲ್ಲಿ ನೋಡಿದಾಗ ನನಗೆ ಸಂತೋಷವಾಯಿತು, ದಾರ್ಕಾ. ನಿನ್ನನ್ನು ಎತ್ತಿ ಮುದ್ದಾಡಬೇಕು ಅನ್ನಿಸಿತು.

ನನಗಿನ್ನು ಎಷ್ಟು ವರ್ಷ ಇದೆ? ನಾನು ಹೋಗುವವರೆಗೆ ತಡಿ. ಆಮೇಲೆ ಹೆದ್ದಾರಿಯಲ್ಲಿ ನಿಂತು ಕೂಗು ಬೇಕಾದರೆ. ಬ್ಲಾಂಶ್‌ಗೆ ಮಾತ್ರ ಎಂದೂ ಹೇಳಬೇಡ. ಇದು ನನಗಾಗಿ ಕೇಳುತ್ತಿರುವುದಲ್ಲ.

ಫ್ರೀಸನ್‌ಗೆ ಎದೆನೋವು ಅಂತ ಬರೆದಿದ್ದೇನೆ. ವೇದಿಕೆಗೆ ಬರುವುದಿಲ್ಲ.

ಗೀದೊ


ಕೆಲ್ಡನ್
30 ಜೂನ್ 1988

ಗೀದೊ,

ನಿಮಗೆ ‘ನೀನು’ ಅನ್ನಲು ಈಗ ನಾಲಿಗೆ ಹೊರಳುತ್ತಿಲ್ಲ. ಕ್ಷಮಿಸಿ.

“ಇದು ನನಗಾಗಿ ಕೇಳುತ್ತಿರುವುದಲ್ಲ” ಅನ್ನುವ ಸಾಲನ್ನು ಎಷ್ಟು ಸಲ ಓದಿದೆನೋ. ಉಳಿದದ್ದೆಲ್ಲ ನಿಜ ಬರೆದಿದ್ದೀರಿ. ಅದೊಂದೇ ನಿಜವಲ್ಲ. ನನ್ನ ತಪ್ಪನ್ನು ಮುಚ್ಚಿದಿರಿ ಅಂದುಕೊಂಡು ಮಾರ್ಚಿನಲ್ಲಿ ಅತ್ತಿದ್ದೆ. ಅದರ ಹಿಂದೆ ನೀವು ಅಡಗಿಕೊಂಡಿದ್ದಿರಿ.

ಸೋಮವಾರ ನಗರಸಭೆಗೆ ಹೋದೆ. ಪುಸ್ತಕ, ಪಕ್ಕದೂರುಗಳ ಲೆಕ್ಕ, ಮತ್ತು ಅದೇ ಸ್ಪಿರಿಟ್ ಕೊಳವೆ, ಎಲ್ಲ ಮೇಜಿನ ಮೇಲಿಟ್ಟೆ. ಆಲ್ಸಿದ್‌ನ ವಿಷಯ ಅಲ್ಲಿ ಎತ್ತಲಿಲ್ಲ. ಬರೇ ತುದಿಯ ವಿಷಯ. ಫ್ರೀಸನ್ ಕನ್ನಡಕ ಏರಿಸಿ ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಯಾವ ತುದಿ ಅಂತೀಯ?”

“ಈ ತುದಿ.”

“ನೋಡಮ್ಮಾ, ಹನ್ನೆರಡು ಮೀಟರ್ ಉಕ್ಕಿಗೆ ಒಂದೇ ತುದಿ. ಅದು ಮೇಲಿರುತ್ತೆ. ಬಣ್ಣ ಒಣಗಿದೆ. ನಿಮ್ಮಜ್ಜನ ಸಹಿ ಇರೋ ಕಾಗದ ನಮ್ಮತ್ರ ಇದೆ. ನಿನ್ನತ್ರ ಏನಿದೆ? ಹನ್ನೊಂದು ವರ್ಷದವಳ ನೆನಪು.”

“ಸುಳ್ಳು ಅಂತ ಗೊತ್ತಿದ್ದೂ ನಿಲ್ಲಿಸ್ತೀರಾ?”

“ಈ ಊರು ಶುರುವಾಗಿದ್ದೇ ಪೀಚ್ ಹಣ್ಣಿಂದ ಕಣಮ್ಮ,” ಅಂದ. ಸಭೆಯೆಲ್ಲ ನಕ್ಕಿತು. ಹೊರಗೆ ಬಂದಾಗ ವರ್ನ್ ಟ್ರಕ್ಕಿನಲ್ಲಿ ಕಾಯುತ್ತಿದ್ದ. “ಊರಿನ ಆರ್ಡರ್ ಇಲ್ಲದೆ ನನ್ನ ಶೆಡ್ಡು ನಡಿಯಲ್ಲ ದಾರ್ಕಾ. ಶುಕ್ರವಾರದಿಂದ ಬರ್ಬೇಡ,” ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಮಂಗಳವಾರ ಬ್ಲಾಂಶ್‌ಳ ಮನೆಗೆ ಹೋದೆ. ದಾರಿಯುದ್ದಕ್ಕೂ ಯೋಚಿಸಿದೆ, ವಾಪಸು ಹೋಗಿಬಿಡಲೇ ಅಂತ. ಮೂರು ಸಲ ನಿಂತೆ. ಆ ಸುಳ್ಳಿನಿಂದ ಅವಳಿಗೆ ನೆಮ್ಮದಿ ಇತ್ತು, ನಿಮಗೂ ಇತ್ತು. ಆದರೆ ಅವಳ ನೆಮ್ಮದಿಯನ್ನು ನೀವು ನಿಮಗಾಗಿ ಹೊಲಿದು ಕೊಟ್ಟಿದ್ದಿರಿ. ಅದನ್ನು ಗೊತ್ತಿದ್ದೂ ಅವಳ ಪೈ ತಿನ್ನುವುದು ನನ್ನಿಂದ ಆಗಲಿಲ್ಲ. ನಿಮ್ಮ ಕಾಗದವನ್ನು ಅವಳ ಕೈಗೆ ಕೊಟ್ಟೆ. ಅವಳು ನಿಂತುಕೊಂಡೇ ಓದಿದಳು. ತುಂಬ ನಿಧಾನವಾಗಿ, ಬೆರಳಿಟ್ಟು.

“ನಲವತ್ಮೂರಾ?” ಅಂದಳು.

“ನಲವತ್ತಮೂರೂವರೆ.”

“ಹಾಗಾದ್ರೆ ಎಷ್ಟು ಹೊತ್ತು?”

ನನಗೆ ಗೊತ್ತಿಲ್ಲ ಅಂದೆ.

“ಗೊತ್ತಿಲ್ಲದೋಳು ಯಾಕೆ ಬಂದೆ? ಎಂಟು ವರ್ಷ ಹತ್ತು ನಿಮಿಷ ಅಂತ ಇದ್ದೆ. ಈಗ ಒಂದು ಗಂಟೆನಾ, ಎರಡಾ, ಬೆಳಗಿನ ತನಕನಾ, ಕೂತ್ಕೊಂಡು ಎಣಿಸ್ಲಾ? ಒಂದು ಕೈ ಬರಿದು ಇಟ್ಕೊಂಡು?” ಅವಳು ಅಳಲಿಲ್ಲ. ಕಾಗದವನ್ನು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. “ನಿಂಗೆ ಹೇಳಿ ಹಗುರ ಆಯ್ತಲ್ಲ. ಹೋಗು ಇನ್ನು.”

ಹಗುರ ಆಗಿಲ್ಲ. ಅದನ್ನು ಹೇಳುವಷ್ಟರಲ್ಲಿ ಬಾಗಿಲು ಹಾಕಿಕೊಂಡಳು. ನಾನು ಬಡಿಯಲಿಲ್ಲ.

ಕಾಗದ ಅವಳ ಹತ್ತಿರವೇ ಇದೆ. ಪೊಲೀಸರಿಗೆ ಕೊಡುತ್ತಾಳೋ, ಒಲೆಗೆ ಹಾಕುತ್ತಾಳೋ, ನಿಮಗೇ ವಾಪಸು ಕಳಿಸುತ್ತಾಳೋ, ಅವಳಿಗೆ ಬಿಟ್ಟಿದ್ದು. ಕೇಳಲು ನನಗೆ ಬಾಯಿಲ್ಲ. ಪೊಲೀಸರು ಬಂದರೆ ನೀವು ತಯಾರಿರಿ ಅಂತ ತಿಳಿಸುತ್ತಿದ್ದೇನೆ, ಅಷ್ಟೇ.

ಇವತ್ತು ಸಂಜೆ ಹೆದ್ದಾರಿಗೆ ಹೋಗಿ ದೂರದಿಂದ ನೋಡಿದೆ. ನೀಲಿ ಟಾರ್ಪಾಲು ಸುತ್ತಿ ನಿಲ್ಲಿಸಿದ್ದಾರೆ. ಹೊರಗೆ ಮೂವತ್ತೈದು ಡಿಗ್ರಿ ಬಿಸಿಲು, ಧೂಳು, ಹಾರುವ ಮಿಡತೆ. ಇಬ್ಬರು ಹುಡುಗರು ಏಣಿ ಹಾಕಿ ದೀಪ ಕಟ್ಟುತ್ತಿದ್ದರು. ಬಟ್ಟೆ ಒಂದು ಕಡೆ ಜಾರಿ ಎರಡರ ಕೆಳಗಿನ ಗೆರೆ ಕಾಣುತ್ತಿತ್ತು. ನೆಟ್ಟಗೆ ಬಂದಿದೆ. ಅಷ್ಟು ಒಳ್ಳೆಯ ಕೆಲಸ ನಾನು ಬೇರೆ ಎಲ್ಲೂ ಮಾಡಿಲ್ಲ.

ನಗರಸಭೆಗೆ ಹೋಗಿ ಬಂದಾಗಿನಿಂದ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಿಮ್ಮ ಪುಸ್ತಕವನ್ನು ಅವಳ ಕಪಾಟಿಗೇ ವಾಪಸು ಇಟ್ಟಿದ್ದೇನೆ. ಆ ದಿನದ ಸಾಲನ್ನು ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ನಲವತ್ತಮೂರೂವರೆ ಅಂತ ಬರೆದು ನನ್ನ ಹೆಸರು ಹಾಕಿದ್ದೇನೆ. ಗಾಳಿಯ ಅಂಕಣವನ್ನು ಮುಟ್ಟಿಲ್ಲ.

ವಿನ್ನಿಪೆಗ್‌ನಲ್ಲಿ ರೈಲು ಡಬ್ಬಿ ದುರಸ್ತಿಯ ಕಡೆ ವೆಲ್ಡರು ಬೇಕು ಅಂತ ಕೇಳಿದ್ದೇನೆ. ಸಿಗದಿದ್ದರೆ ಬೇರೆ ಏನಾದರೂ. ವಿಳಾಸ ಕಳಿಸುವುದಿಲ್ಲ.

ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತೇನೆ.

ದಾರ್ಕಾ